ಎಣಿಸುವ ಲೆಕ್ಕ ತಪ್ಪಬಾರದು ಅಂದರೆ ಪಟ್ಟಿಯನ್ನು ಕ್ರಮವಾಗಿ ಬರೆಯಿರಿ

2, 4, 7 ಈ ಮೂರು ಅಂಕಿಗಳನ್ನು ಒಂದೊಂದು ಸಲ ಮಾತ್ರ ಬಳಸಿ ಎಷ್ಟು ಮೂರಂಕಿ ಸಂಖ್ಯೆ ಬರೆಯಬಹುದು?

ಈ ಪ್ರಶ್ನೆ ಕೊಟ್ಟರೆ ಮಕ್ಕಳು ತಲೆಗೆ ಹೊಳೆದ ಹಾಗೆ ಬರೆಯುತ್ತಾ ಹೋಗುತ್ತಾರೆ. 472, 247, 724, 274, 742. ಐದು ಬಂತು. ಇನ್ನೊಂದು ಇದೆಯಾ, ಮುಗಿಯಿತಾ? ಪಟ್ಟಿಯನ್ನು ಎಷ್ಟು ಸಲ ನೋಡಿದರೂ ಅದು ಉತ್ತರ ಹೇಳುವುದಿಲ್ಲ. ಈಗ ಅದೇ ಸಂಖ್ಯೆಗಳನ್ನು ಹೀಗೆ ಬರೆಯೋಣ:

247, 274
427, 472
724, 742

2ರಿಂದ ಶುರುವಾಗುವುದು ಎರಡು, 4ರಿಂದ ಎರಡು, 7ರಿಂದ ಎರಡು. ಬೇರೆ ಯಾವ ಅಂಕಿಯಿಂದಲೂ ಶುರುವಾಗುವ ಹಾಗಿಲ್ಲ. ಒಟ್ಟು ಆರು, ಮುಗಿಯಿತು. ಮೇಲೆ ಬಿಟ್ಟುಹೋಗಿದ್ದದ್ದು 427 ಅಂತ ಹುಡುಕದೇನೇ ಕಾಣುತ್ತದೆ. ಕ್ರಮವಾದ ಪಟ್ಟಿಯ ಬೆಲೆ ಇರುವುದು ಇಲ್ಲೇ. ಉತ್ತರದ ಜೊತೆಗೆ, ಇದಕ್ಕಿಂತ ಜಾಸ್ತಿ ಇಲ್ಲ ಅನ್ನುವ ಖಾತ್ರಿಯನ್ನೂ ಅದು ಕೊಡುತ್ತದೆ. ಎಣಿಕೆಯ ಲೆಕ್ಕದಲ್ಲಿ ಕಷ್ಟ ಇರುವುದು ಆ ಖಾತ್ರಿಯಲ್ಲೇ, ಸಂಖ್ಯೆಗಳನ್ನು ಬರೆಯುವುದು ಯಾರಿಗೂ ಕಷ್ಟ ಅಲ್ಲ.

ಪೆನ್ಸಿಲ್ ಇಡುವ ಮುಂಚೆ ಎರಡು ಪ್ರಶ್ನೆ

ಮೊದಲನೆಯದು: ಹಿಂದುಮುಂದು ಮಾಡಿದರೆ ಬೇರೆ ಆಗುತ್ತದಾ? 274 ಬೇರೆ, 472 ಬೇರೆ. ಆದರೆ ಇಬ್ಬರು ಕೈಕುಲುಕಿದರೆ, ಅವರು ಇವರ ಕೈ ಹಿಡಿದರು ಅಂದರೂ ಇವರು ಅವರ ಕೈ ಹಿಡಿದರು ಅಂದರೂ ಒಂದೇ ಕೈಕುಲುಕು. ಇದನ್ನು ಕೇಳಿಕೊಳ್ಳದೆ ಶುರು ಮಾಡಿದರೆ ಉತ್ತರ ಎರಡರಷ್ಟು ಆಗಿಬಿಡಬಹುದು, ಅಥವಾ ಅರ್ಧ ಆಗಿಬಿಡಬಹುದು.

ಎರಡನೆಯದು: ಒಂದನ್ನೇ ಮತ್ತೆ ಬಳಸಬಹುದಾ? 2, 4, 7ರಲ್ಲಿ ಒಂದೊಂದು ಸಲ ಮಾತ್ರ ಅಂದರೆ 6 ಸಂಖ್ಯೆ. ಎಷ್ಟು ಸಲ ಬೇಕಾದರೂ ಬಳಸಬಹುದು ಅಂದರೆ 222, 224, 227, 242 ಅಂತ ಹೋಗಿ 27 ಆಗುತ್ತದೆ.

ಇವೆರಡರ ಜೊತೆ ಪ್ರಶ್ನೆಯಲ್ಲಿ ಅಡಗಿಕೊಂಡಿರುವ ಚಿಕ್ಕ ಷರತ್ತನ್ನೂ ಹಿಡಿಯಬೇಕು. 0, 3, 5 ಕೊಟ್ಟು, ಒಂದೊಂದು ಸಲ ಮಾತ್ರ ಬಳಸಿ ಮೂರಂಕಿ ಸಂಖ್ಯೆ ಕೇಳಿದರೆ 035 ಲೆಕ್ಕಕ್ಕೆ ಬರುವುದಿಲ್ಲ, ಅದು ಎರಡಂಕಿ ಸಂಖ್ಯೆ. ಹಾಗಾಗಿ 305, 350, 503, 530 ಅಂತ ನಾಲ್ಕೇ. ನನ್ನ ಸಲಹೆ ಏನಂದರೆ, ಪಟ್ಟಿ ಶುರು ಮಾಡುವ ಮುಂಚೆ ಹಾಳೆಯ ಮೂಲೆಯಲ್ಲಿ ಸರಿಯಾದ ಒಂದು ಉದಾಹರಣೆ, ನಡೆಯದ ಒಂದೆರಡು ಉದಾಹರಣೆ ಬರೆದುಕೊಳ್ಳಿ. "305 ಸರಿ, 035 ಇಲ್ಲ, 355 ಇಲ್ಲ" ಅಂತ ಅಷ್ಟೇ. ಅರ್ಧ ನಿಮಿಷದ ಕೆಲಸ, ಆದರೆ ಪ್ರಶ್ನೆ ನಿಜವಾಗಲೂ ಅರ್ಥ ಆಗಿದೆಯಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ.

ಎಡಗಡೆಯದನ್ನು ಹಿಡಿದುಕೊಳ್ಳಿ, ಬಲಗಡೆಯದನ್ನು ಬದಲಿಸಿ

ಈಗ ಸ್ವಲ್ಪ ದೊಡ್ಡ ಲೆಕ್ಕ. 1, 2, 3, 4ರಲ್ಲಿ ಯಾವುದಾದರೂ ಮೂರನ್ನು ಬಳಸಿ, ಒಂದನ್ನು ಎರಡು ಸಲ ಬಳಸದೆ, ಎಷ್ಟು ಮೂರಂಕಿ ಸಂಖ್ಯೆ?

ನೂರರ ಸ್ಥಾನದಲ್ಲಿ 1 ಇಡಿ. ಅದನ್ನು ಮುಟ್ಟಬೇಡಿ. ಹತ್ತರ ಸ್ಥಾನದಲ್ಲಿ ಉಳಿದವುಗಳಲ್ಲಿ ಚಿಕ್ಕದು, ಅಂದರೆ 2. ಅದನ್ನೂ ಸದ್ಯಕ್ಕೆ ಮುಟ್ಟಬೇಡಿ. ಬಿಡಿ ಸ್ಥಾನದಲ್ಲಿ ಮಾತ್ರ 3, ಆಮೇಲೆ 4. ಬಿಡಿ ಸ್ಥಾನದಲ್ಲಿ ಇನ್ನೇನೂ ಉಳಿಯದಿದ್ದಾಗ ಹತ್ತರ ಸ್ಥಾನವನ್ನು ಒಂದು ಹೆಜ್ಜೆ ಮುಂದೆ ತಳ್ಳಿ. ಗಾಡಿಯ ಕಿಲೋಮೀಟರ್ ಮೀಟರ್ ತಿರುಗುವುದು ಹೀಗೇ ಅಲ್ವಾ, ಬಲಗಡೆಯ ಅಂಕಿ ಪೂರ್ತಿ ಸುತ್ತಿದ ಮೇಲೇ ಅದರ ಎಡಗಡೆಯದು ಒಂದು ಸಲ ಅಲುಗುತ್ತದೆ.

123, 124, 132, 134, 142, 143 → 6
213, 214, 231, 234, 241, 243 → 6
312, 314, 321, 324, 341, 342 → 6
412, 413, 421, 423, 431, 432 → 6

ಒಟ್ಟು 24. ಬರೆಯುವ ರೀತಿಯನ್ನು ಗಮನಿಸಿ. ಒಂದು ಗುಂಪಿಗೆ ಒಂದು ಸಾಲು, ಸಾಲಿನ ಕೊನೆಗೆ ಅದರ ಎಣಿಕೆ. ಪ್ರತಿ ಸಾಲಿನಲ್ಲೂ ಸಂಖ್ಯೆಗಳು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತವೆ, ಹಾಗಾಗಿ ಒಂದೇ ಸಂಖ್ಯೆ ಎರಡು ಸಲ ನುಸುಳುವುದಕ್ಕೆ ಜಾಗವೇ ಇಲ್ಲ. ಒಂದು ಸಾಲಿನಲ್ಲಿ 6ರ ಬದಲು 5 ಬಂದಿದ್ದರೆ ತಪ್ಪು ಆ ಸಾಲಿನಲ್ಲೇ ಇದೆ, ಇಡೀ ಪಟ್ಟಿಯನ್ನು ಕೆದಕಬೇಕಾಗಿಲ್ಲ.

ಆದರೆ ಎಲ್ಲಾ ಸಾಲೂ ಯಾವಾಗಲೂ ಸಮ ಬರುತ್ತದೆ ಅಂತ ನಂಬಿಕೊಂಡು ಮೊದಲ ಸಾಲನ್ನು ನಾಲ್ಕರಿಂದ ಗುಣಿಸಿಬಿಡಬೇಡಿ. ಅದೇ ಲೆಕ್ಕದಲ್ಲಿ "ಸಮಸಂಖ್ಯೆಗಳು ಮಾತ್ರ" ಅಂದರೆ ನೋಡಿ:

124, 132, 134, 142 → 4
214, 234 → 2
312, 314, 324, 342 → 4
412, 432 → 2

ಒಟ್ಟು 12. ಮೊದಲ ಸಾಲನ್ನು ನೋಡಿ 4 × 4 = 16 ಅಂದಿದ್ದರೆ ತಪ್ಪಾಗುತ್ತಿತ್ತು. ಯಾಕೆ ಏರುಪೇರು ಬಂತು? ಷರತ್ತು ಇದ್ದದ್ದು ಬಿಡಿ ಸ್ಥಾನಕ್ಕೆ, ನಾವು ಹಿಡಿದುಕೊಂಡದ್ದು ನೂರರ ಸ್ಥಾನವನ್ನು. ಷರತ್ತು ಇರುವ ಜಾಗವನ್ನೇ ಮೊದಲು ಹಿಡಿದರೆ ಕೆಲಸ ಹಗುರ ಆಗುತ್ತದೆ. ಕೊನೆಗೆ 2 ಇರುವವು: 132, 142, 312, 342, 412, 432. ಕೊನೆಗೆ 4 ಇರುವವು: 124, 134, 214, 234, 314, 324. ಆರು ಮತ್ತು ಆರು. ಎಡದಿಂದ ಶುರು ಮಾಡಿ ಅನ್ನುವುದು ಬರೀ ಅಭ್ಯಾಸ, ಯಾವುದಕ್ಕೆ ಕಟ್ಟುಪಾಡು ಜಾಸ್ತಿ ಇದೆಯೋ ಅದರಿಂದ ಶುರು ಮಾಡಿ ಅನ್ನುವುದೇ ನಿಜವಾದ ನಿಯಮ.

ಜೋಡಿ ಮಾಡುವಾಗ ಹಿಂದೆ ತಿರುಗಿ ನೋಡಬೇಡಿ

ಐದು ಜನ ಆಟಗಾರರು, ಪ್ರತಿಯೊಬ್ಬರೂ ಉಳಿದ ಎಲ್ಲರ ಜೊತೆ ಒಂದೊಂದು ಆಟ ಆಡಬೇಕು. ಎಷ್ಟು ಆಟ? ಆಟಗಾರರನ್ನು ಕ, ಚ, ಟ, ತ, ಪ ಅನ್ನೋಣ. ವರ್ಗಾಕ್ಷರಗಳ ಕ್ರಮ ಬಾಯಿಗೆ ಬರುವುದರಿಂದ ಮುಂದಿನದು ಯಾವುದು ಅಂತ ಯೋಚಿಸಬೇಕಾಗಿಲ್ಲ. ಹೆಸರುಗಳ ಬದಲು ಒಂದೊಂದು ಅಕ್ಷರ ಇಟ್ಟುಕೊಳ್ಳುವುದು ಎಲ್ಲಾ ಪಟ್ಟಿಗೂ ಒಳ್ಳೆಯದು, ಪೂರ್ತಿ ಹೆಸರು ಬರೆಯುತ್ತಾ ಕೂತರೆ ಕೈಯೂ ಸೋಲುತ್ತದೆ, ಪಟ್ಟಿಯ ಆಕಾರವೂ ಕಾಣುವುದಿಲ್ಲ.

ಕಚ, ಕಟ, ಕತ, ಕಪ → 4
ಚಟ, ಚತ, ಚಪ → 3
ಟತ, ಟಪ → 2
ತಪ → 1

ಒಟ್ಟು 10. ಚ ಸಾಲಿನಲ್ಲಿ 'ಚಕ' ಬರೆದಿಲ್ಲ, ಅದು ಕ ಸಾಲಿನಲ್ಲಿ 'ಕಚ' ಆಗಿ ಬಂದುಬಿಟ್ಟಿದೆ. ಇಲ್ಲಿ ನೆನಪಿಡಬೇಕಾದ್ದು ಒಂದೇ: ಪ್ರತಿ ಅಕ್ಷರವೂ ತನ್ನ ಮುಂದಿನ ಅಕ್ಷರಗಳ ಜೊತೆ ಮಾತ್ರ ಜೋಡಿ ಆಗಲಿ. ಪ ಗೆ ಮುಂದೆ ಯಾರೂ ಇಲ್ಲ, ಹಾಗಾಗಿ ಅದಕ್ಕೆ ಸಾಲೇ ಇಲ್ಲ. ಪ ಆಡಲೇ ಇಲ್ಲವಾ ಅಂತ ಮಕ್ಕಳು ಕೇಳುತ್ತಾರೆ, ಆಗ ನಾಲ್ಕೂ ಸಾಲಿನ ಕೊನೆಯನ್ನು ತೋರಿಸಿ, ಎಲ್ಲಾ ಕಡೆ ಪ ಕೂತಿದೆ.

ಮೂವರನ್ನು ಆರಿಸಬೇಕಾದರೂ ಇದೇ ದಾರಿ. ಕಚಟ, ಕಚತ, ಕಚಪ, ಕಟತ, ಕಟಪ, ಕತಪ. ಆಮೇಲೆ ಚಟತ, ಚಟಪ, ಚತಪ. ಕೊನೆಗೆ ಟತಪ. 6 + 3 + 1, ಮತ್ತೆ 10! ಇದು ಆಕಸ್ಮಿಕ ಅಲ್ಲ. ಐವರಲ್ಲಿ ಮೂವರನ್ನು ಆರಿಸಿದರೆ ಇಬ್ಬರನ್ನು ಬಿಟ್ಟ ಹಾಗಾಯಿತು. ಪ್ರತಿ ಮೂವರ ತಂಡಕ್ಕೂ ಹೊರಗುಳಿದ ಒಂದು ಜೋಡಿ ಇದೆ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ಗೆರೆ ಎಳೆದು ಹೊಂದಿಸಲು ಹೇಳಿ, ಮಕ್ಕಳಿಗೆ ತುಂಬಾ ಖುಷಿ ಕೊಡುವ ಕೆಲಸ ಅದು.

ಮೊತ್ತ ಕೂಡಿಸುವ ಲೆಕ್ಕಕ್ಕೆ ದೊಡ್ಡದರಿಂದ ಶುರು ಮಾಡಿ

5 ಮೀಟರ್, 2 ಮೀಟರ್, 1 ಮೀಟರ್ ಉದ್ದದ ತುಂಡುಗಳಿವೆ, ಬೇಕಾದಷ್ಟಿವೆ. ಒಟ್ಟು 10 ಮೀಟರ್ ಆಗಬೇಕು, ತುಂಡುಗಳನ್ನು ಯಾವ ಕ್ರಮದಲ್ಲಿ ಇಟ್ಟಿರಿ ಅನ್ನುವುದು ಮುಖ್ಯ ಅಲ್ಲ. ಎಷ್ಟು ರೀತಿ?

ಮೂರು ಕಾಲಂ ಹಾಕಿ, ಕ್ರಮವಾಗಿ 5ರ ತುಂಡು, 2ರ ತುಂಡು, 1ರ ತುಂಡು. 5ರ ತುಂಡನ್ನು ಜಾಸ್ತಿಯಿಂದ ಕಮ್ಮಿಗೆ ಇಳಿಸುತ್ತಾ ಬನ್ನಿ.

2, 0, 0
1, 2, 1
1, 1, 3
1, 0, 5
0, 5, 0
0, 4, 2
0, 3, 4
0, 2, 6
0, 1, 8
0, 0, 10

10 ರೀತಿ. ಇಲ್ಲಿ ಯೋಚಿಸಬೇಕಾದ್ದು ಮೊದಲ ಎರಡು ಕಾಲಂ ಬಗ್ಗೆ ಮಾತ್ರ. ಮೂರನೆಯದು ತಾನಾಗಿ ಬರುತ್ತದೆ, ಉಳಿದ ಉದ್ದವನ್ನೆಲ್ಲಾ 1ರ ತುಂಡು ತುಂಬಿಬಿಡುತ್ತದೆ. ಅದೇ 1ರಿಂದ ಶುರು ಮಾಡಿ ನೋಡಿ. 1ರ ತುಂಡು ಏಳು ಇದ್ದರೆ? ಉಳಿದದ್ದು 3 ಮೀಟರ್, 5 ಮತ್ತು 2ರಿಂದ ಅದು ಆಗುವುದಿಲ್ಲ. ಒಂಬತ್ತು ಇದ್ದರೆ? ಅದೂ ಆಗುವುದಿಲ್ಲ. 0ಯಿಂದ 10ರವರೆಗೆ ಹನ್ನೊಂದು ಗುಂಪು ನೋಡಬೇಕು, ಕೆಲವು ಖಾಲಿ, ಒಂದರಲ್ಲಿ ಎರಡು ಉತ್ತರ. ಕೊನೆಗೆ ಸಿಗುವುದು ಅದೇ 10, ಆದರೆ ದಾರಿಯಲ್ಲಿ ಎಡವುವ ಜಾಗ ಜಾಸ್ತಿ.

ಮೊತ್ತದ ಲೆಕ್ಕಗಳಲ್ಲಿ ಎಷ್ಟೋ ಸಲ ಪಟ್ಟಿಗೇ ಒಂದು ಚೆಂದದ ಆಕಾರ ಬರುತ್ತದೆ. ಅಂಕಿಗಳ ಮೊತ್ತ 5 ಇರುವ ಮೂರಂಕಿ ಸಂಖ್ಯೆಗಳನ್ನು ಬರೆದು ನೋಡಿ:

104, 113, 122, 131, 140
203, 212, 221, 230
302, 311, 320
401, 410
500

5 + 4 + 3 + 2 + 1 = 15. ಮೆಟ್ಟಿಲಿನ ಆಕಾರ ಬಂದಿದೆ. ಒಂದು ಸಂಖ್ಯೆ ಬಿಟ್ಟುಹೋಗಿದ್ದರೆ ಮೆಟ್ಟಿಲು ಮುರಿದು ಕಾಣುತ್ತದೆ.

ಎಲ್ಲಾ ಸಾಲಿಗೂ ಒಂದೇ ತೂಕ ಇರುವುದಿಲ್ಲ

ಇದು ದೊಡ್ಡವರೂ ಎಡವಿದ ಜಾಗ. 17ನೇ ಶತಮಾನದಲ್ಲಿ ಗೆಲಿಲಿಯೊ ಮುಂದೆ ಬಂದ ಪ್ರಶ್ನೆ: ಮೂರು ದಾಳ ಎಸೆದಾಗ ಮೊತ್ತ 9 ಬರಲು ಆರು ರೀತಿ, 10 ಬರಲೂ ಆರು ರೀತಿ, ಆದರೂ ಆಡುವವರ ಅನುಭವದಲ್ಲಿ 10 ಸ್ವಲ್ಪ ಜಾಸ್ತಿ ಸಲ ಬೀಳುತ್ತದೆ, ಯಾಕೆ? ಪಟ್ಟಿ ನೋಡೋಣ.

9ಕ್ಕೆ: 6-2-1, 5-3-1, 5-2-2, 4-4-1, 4-3-2, 3-3-3.
10ಕ್ಕೆ: 6-3-1, 6-2-2, 5-4-1, 5-3-2, 4-4-2, 4-3-3.

ಎರಡೂ ಕಡೆ ಆರಾರೇ ಇವೆ. ಆದರೆ ದಾಳಗಳು ಮೂರು ಬೇರೆ ಬೇರೆ ವಸ್ತುಗಳು. ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ಒಂದಕ್ಕೆ ಹಸಿರು ಬಣ್ಣ ಅಂದುಕೊಳ್ಳಿ. 6-2-1 ಅನ್ನುವುದು ಆರು ರೀತಿಯಲ್ಲಿ ಬೀಳಬಹುದು, ಕೆಂಪು 6 ಇದ್ದಾಗ ಎರಡು, ನೀಲಿ 6 ಇದ್ದಾಗ ಎರಡು, ಹಸಿರು 6 ಇದ್ದಾಗ ಎರಡು. 5-2-2 ಮೂರೇ ರೀತಿ, ಆ 5 ಯಾವ ದಾಳದಲ್ಲಿದೆ ಅನ್ನುವುದಷ್ಟೇ ಬದಲಾಗುತ್ತದೆ. 3-3-3 ಅಂತೂ ಒಂದೇ ರೀತಿ. ಈಗ ಕೂಡಿಸಿ. 9ಕ್ಕೆ 6 + 6 + 3 + 3 + 6 + 1 = 25. 10ಕ್ಕೆ 6 + 3 + 6 + 6 + 3 + 3 = 27. ಒಟ್ಟು ಸಾಧ್ಯತೆ 6 × 6 × 6 = 216, ಅದರಲ್ಲಿ 25 ಮತ್ತು 27. ಗೆಲಿಲಿಯೊ ಕೊಟ್ಟ ವಿವರಣೆಯೂ ಇದೇ.

ಹಾಗಾಗಿ ಎರಡು ಹಂತದಲ್ಲಿ ಕೆಲಸ ಮಾಡಿ. ಮೊದಲು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಹಾಗೆ ಪಟ್ಟಿ, ಆಮೇಲೆ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಎಷ್ಟು ರೀತಿ ಜೋಡಿಸಬಹುದು ಅಂತ ಬರೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಗೋಜಲಾಗುವುದು ಖಂಡಿತ.

ಮೆಟ್ಟಿಲು, ಮಾತ್ರೆ, ಪ್ರಸ್ತಾರ

ಐದು ಮೆಟ್ಟಿಲು ಹತ್ತಬೇಕು, ಒಂದು ಹೆಜ್ಜೆಗೆ ಒಂದು ಮೆಟ್ಟಿಲು ಅಥವಾ ಎರಡು. ಎಷ್ಟು ರೀತಿ ಹತ್ತಬಹುದು? ಎರಡರ ಹೆಜ್ಜೆ ಎಷ್ಟು ಸಲ ಅನ್ನುವುದನ್ನು ಹಿಡಿದುಕೊಳ್ಳಿ.

ಒಂದೂ ಇಲ್ಲ: 11111 → 1
ಒಂದು ಸಲ: 2111, 1211, 1121, 1112 → 4
ಎರಡು ಸಲ: 221, 212, 122 → 3

ಮೂರು ಸಲ ಅಂದರೆ 6 ಆಗುತ್ತದೆ, ಸಾಧ್ಯ ಇಲ್ಲ. ಒಟ್ಟು 8. ನಡುವಿನ ಸಾಲಿನಲ್ಲಿ 2 ಅನ್ನುವುದು ಒಂದೊಂದೇ ಜಾಗ ಬಲಕ್ಕೆ ಸರಿಯುವುದು ಕಾಣುತ್ತಿದೆಯಲ್ಲ, ಒಂದು ವಸ್ತುವಿನ ಜಾಗ ಬದಲಾಗುವ ಲೆಕ್ಕಗಳಿಗೆಲ್ಲಾ ಹೀಗೆ ಸರಿಸುವುದೇ ಕ್ರಮ.

ಇದೇ ಲೆಕ್ಕವನ್ನು ಕನ್ನಡ ಪಾಠದಲ್ಲಿ ನೀವು ಬೇರೆ ರೂಪದಲ್ಲಿ ಓದಿರುತ್ತೀರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಐದು ಮಾತ್ರೆಯ ಗಣ ಎಷ್ಟು ರೀತಿ ಆಗಬಹುದು? ಮೇಲಿನ ಪಟ್ಟಿಯಲ್ಲಿ 1 ಇದ್ದಲ್ಲಿ ಲಘು, 2 ಇದ್ದಲ್ಲಿ ಗುರು ಹಾಕಿ, ಅದೇ 8. ಮೂರು ಮಾತ್ರೆಗೆ 3, ನಾಲ್ಕು ಮಾತ್ರೆಗೆ 5. ಆರಕ್ಕೆ? ಕೊನೆಯ ಅಕ್ಷರ ಲಘು ಆದರೆ ಅದರ ಹಿಂದೆ ಐದು ಮಾತ್ರೆ ಇರಬೇಕು, ಅದು 8 ರೀತಿ. ಕೊನೆಯದು ಗುರು ಆದರೆ ಹಿಂದೆ ನಾಲ್ಕು ಮಾತ್ರೆ, 5 ರೀತಿ. ಒಟ್ಟು 13. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಈ ನಿಯಮವನ್ನು 12ನೇ ಶತಮಾನದಲ್ಲೇ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕಕ್ಕಾಗಿ ಹೇಳಿದ್ದ. ಇಟಲಿಯ ಫಿಬೊನಾಚಿಯ ಹೆಸರಿನಲ್ಲಿ ಪ್ರಸಿದ್ಧವಾದ ಸರಣಿ ಇದೇ, ಅವನ ಪುಸ್ತಕ ಬಂದದ್ದು 1202ರಲ್ಲಿ.

ಛಂದಸ್ಸಿನವರು ಪಟ್ಟಿ ಮಾಡುವುದಕ್ಕೇ ಒಂದು ವಿಧಾನ ಇಟ್ಟುಕೊಂಡಿದ್ದರು, ಅದಕ್ಕೆ ಪ್ರಸ್ತಾರ ಅಂತ ಹೆಸರು. ಮೂರು ಅಕ್ಷರದ ಗಣಗಳನ್ನು ತೆಗೆದುಕೊಳ್ಳಿ. ಮೊದಲ ಸಾಲಿನಲ್ಲಿ ಎಲ್ಲಾ ಗುರು. ಮುಂದಿನ ಸಾಲು ಬರೆಯಲು, ಹಿಂದಿನ ಸಾಲಿನಲ್ಲಿ ಎಡದಿಂದ ಮೊದಲು ಸಿಗುವ ಗುರುವಿನ ಕೆಳಗೆ ಲಘು ಬರೆಯಿರಿ, ಅದರ ಬಲಗಡೆ ಇರುವುದನ್ನು ಹಾಗೇ ಇಳಿಸಿ, ಎಡಗಡೆ ಜಾಗ ಉಳಿದರೆ ಗುರು ತುಂಬಿ. ಗುರುವಿಗೆ ಗು, ಲಘುವಿಗೆ ಲ ಇಟ್ಟರೆ (ಆವರಣದಲ್ಲಿ ಇರುವುದು ಆ ಗಣದ ಹೆಸರು):

ಗು ಗು ಗು (ಮ)
ಲ ಗು ಗು (ಯ)
ಗು ಲ ಗು (ರ)
ಲ ಲ ಗು (ಸ)
ಗು ಗು ಲ (ತ)
ಲ ಗು ಲ (ಜ)
ಗು ಲ ಲ (ಭ)
ಲ ಲ ಲ (ನ)

ಎಲ್ಲಾ ಲಘು ಬಂದಾಗ ಕೆಳಗೆ ಲಘು ಬರೆಯಲು ಗುರುವೇ ಉಳಿದಿಲ್ಲ, ಪಟ್ಟಿ ಅಲ್ಲಿಗೆ ನಿಲ್ಲುತ್ತದೆ. ಎಂಟು ಅಕ್ಷರಗಣಗಳೂ ಬಂದವು. ಈ ನಿಯಮ ಎಷ್ಟು ಪೂರ್ತಿಯಾಗಿದೆ ನೋಡಿ: ಎಲ್ಲಿ ಶುರು ಮಾಡಬೇಕು, ಮುಂದಿನ ಸಾಲು ಯಾವುದು, ಯಾವಾಗ ನಿಲ್ಲಿಸಬೇಕು, ಮೂರನ್ನೂ ಅದೇ ಹೇಳುತ್ತದೆ. ನಿಮ್ಮ ಯಾವುದೇ ಪಟ್ಟಿಗೂ ಈ ಮೂರು ಪ್ರಶ್ನೆ ಹಾಕಿ ನೋಡಿ. ಮೂರಕ್ಕೂ ಉತ್ತರ ಇದ್ದರೆ ಪಟ್ಟಿ ಗಟ್ಟಿಯಾಗಿದೆ, ಒಂದಕ್ಕೆ ಇಲ್ಲದಿದ್ದರೂ ಎಲ್ಲೋ ಸೋರುತ್ತದೆ.

ಪಟ್ಟಿ ಎಲ್ಲಿಯವರೆಗೆ ಸಾಕು

ಪಟ್ಟಿ ಉದ್ದ ಆಗುತ್ತಿದೆ ಅನ್ನಿಸಿದರೆ ಒಂದೆರಡು ಗುಂಪು ಪೂರ್ತಿ ಬರೆಯಿರಿ, ಉಳಿದ ಗುಂಪುಗಳೂ ಹಾಗೇ ಇರುತ್ತವೆ ಅನ್ನುವುದಕ್ಕೆ ಕಾರಣ ಸಿಕ್ಕಿದರೆ ಮಾತ್ರ ಗುಣಿಸಿ. ಭಾಸ್ಕರಾಚಾರ್ಯನ ಗಣಿತದ ಪುಸ್ತಕ ಲೀಲಾವತಿಯಲ್ಲಿ, ವಿಷ್ಣುವಿನ ನಾಲ್ಕು ಕೈಗಳಲ್ಲಿ ಗದೆ, ಚಕ್ರ, ಪದ್ಮ, ಶಂಖಗಳನ್ನು ಅದಲು ಬದಲು ಮಾಡಿದರೆ ಎಷ್ಟು ರೂಪ ಅಂತ ಒಂದು ಲೆಕ್ಕ ಇದೆ. ಉತ್ತರ 24, ಕೂತು ಬರೆದುಬಿಡಬಹುದು. ಅದರ ಜೊತೆಯಲ್ಲೇ ಹತ್ತು ಕೈಗಳ ಶಿವನ ಲೆಕ್ಕವೂ ಇದೆ, ಅದರ ಉತ್ತರ 36,28,800. ಅದನ್ನು ಬರೆಯಲಾಗುವುದಿಲ್ಲ, ಆದರೆ ನಾಲ್ಕು ಕೈಯದನ್ನು ಬರೆದವರಿಗೆ ಮೊದಲ ಕೈಗೆ 4, ಮುಂದಿನದಕ್ಕೆ 3, ಆಮೇಲೆ 2, 1 ಅಂತ ಗುಣಿಸುವುದು ಯಾಕೆ ಅಂತ ಕಣ್ಣಾರೆ ಗೊತ್ತಿರುತ್ತದೆ. ಸೂತ್ರವನ್ನು ಮೊದಲೇ ಬಾಯಿಪಾಠ ಮಾಡಿಸಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಹತ್ತಾರು ಪಟ್ಟಿ ಬರೆದ ಮಗುವಿಗೆ ಸೂತ್ರ ತಾನಾಗಿ ಹೊಳೆಯುತ್ತದೆ. ಬರೀ ಸೂತ್ರ ಗೊತ್ತಿರುವ ಮಗು, ಪ್ರಶ್ನೆ ಸ್ವಲ್ಪ ತಿರುಗಿದರೂ ಯಾವುದನ್ನು ಯಾವುದರಿಂದ ಗುಣಿಸಬೇಕು ಅಂತ ತೋಚದೆ ಕೂರುತ್ತದೆ.

ಮಗು ಪಟ್ಟಿ ತಂದು ತೋರಿಸಿದಾಗ "ಒಂದು ಬಿಟ್ಟಿದ್ದೀಯ" ಅನ್ನಬೇಡಿ. "ಇದಾದ ಮೇಲೆ ಇದು ಯಾಕೆ ಬಂತು?" ಅಂತ ಕೇಳಿ. ಉತ್ತರ ಹೇಳುತ್ತಾ ಹೇಳುತ್ತಾ ಬಿಟ್ಟದ್ದು ಅದಕ್ಕೇ ಸಿಗುತ್ತದೆ.

ಕೈ ಪಳಗಿಸಲು ಕೆಲವು

ಕ, ಮ, ಲ ಈ ಮೂರು ಅಕ್ಷರಗಳನ್ನು ಎಷ್ಟು ರೀತಿ ಜೋಡಿಸಬಹುದು? ಕನಕ ಅನ್ನುವುದರ ಅಕ್ಷರಗಳನ್ನು? ಮೊದಲನೆಯದು 6. ಎರಡನೆಯದು ಕಕನ, ಕನಕ, ನಕಕ ಅಂತ 3 ಮಾತ್ರ, ಎರಡು ಕ ಗಳನ್ನು ಅದಲು ಬದಲು ಮಾಡಿದರೆ ಹೊಸದೇನೂ ಹುಟ್ಟುವುದಿಲ್ಲ.

3 × 3 ಚೌಕಳಿಯಲ್ಲಿ ಎಲ್ಲಾ ಅಳತೆಯದೂ ಸೇರಿ ಎಷ್ಟು ಚೌಕ? ಅಳತೆಯ ಪ್ರಕಾರ ಗುಂಪು ಮಾಡಿ. ಚಿಕ್ಕವು 9, ನಡುವಿನ ಅಳತೆಯವು 4, ದೊಡ್ಡದು 1, ಒಟ್ಟು 14.

ಬಾಹುಗಳೆಲ್ಲಾ ಪೂರ್ಣಾಂಕ ಆಗಿದ್ದು ಸುತ್ತಳತೆ 12 ಇರುವ ತ್ರಿಭುಜ ಎಷ್ಟು? ದೊಡ್ಡ ಬಾಹುವನ್ನು ಹಿಡಿದುಕೊಳ್ಳಿ. ಅದು ಉಳಿದ ಎರಡರ ಮೊತ್ತಕ್ಕಿಂತ ಚಿಕ್ಕದಿರಬೇಕು, ಹಾಗಾಗಿ 6 ಆಗುವಂತಿಲ್ಲ, 5ಕ್ಕೆ ನಿಲ್ಲಬೇಕು. 5-5-2, 5-4-3. ಮುಂದೆ ದೊಡ್ಡದು 4 ಆದರೆ 4-4-4. ದೊಡ್ಡದೇ 3 ಅಂದರೆ ಮೂರೂ ಸೇರಿ 9ನ್ನು ದಾಟುವುದಿಲ್ಲ, ಅಲ್ಲಿಗೆ ಪಟ್ಟಿ ಮುಗಿಯಿತು. ಉತ್ತರ 3.